ಅದು ಜಾರುವ ಆಟವಲ್ಲ, ಹತ್ತುವ ಆಟ

ಸಂಪಾದಕರಿಗೆ ನಮಸ್ಕಾರ.

2026ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ನಿಮ್ಮ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಸ್ಕೀ ಮೌಂಟನಿಯರಿಂಗ್ ಎಂಬ 'ಹೊಸ ಹಿಮ ಜಾರಾಟ' ಸೇರಿದೆ ಎಂದು. ಪಕ್ಕದಲ್ಲೊಂದು ಚಿತ್ರ. ಅದರಲ್ಲಿ ಒಬ್ಬ ಗಾಳಿಯಲ್ಲಿ ಹಾರುತ್ತಿದ್ದ. ಅದು ಸ್ಕೀ ಜಂಪಿಂಗ್, ಬೇರೆಯೇ ಆಟ. ಕಬಡ್ಡಿ ಸುದ್ದಿಗೆ ಮಲ್ಲಕಂಬದ ಚಿತ್ರ ಹಾಕಿದ ಹಾಗಾಯಿತು.

ಚಿತ್ರ ತಪ್ಪಿದ್ದಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ. ಬೇಜಾರಾಗಿದ್ದು 'ಜಾರಾಟ' ಎಂಬ ಮಾತಿಗೆ. ಈ ಆಟದವರು ಕಾಲಿಗೆ ಸ್ಕೀ, ಅಂದರೆ ಉದ್ದನೆಯ ಜಾರುಹಲಗೆ, ಕಟ್ಟಿಕೊಂಡು ಹಿಮದ ಬೆಟ್ಟದಲ್ಲಿ ಹೆಚ್ಚು ಹೊತ್ತು ಮಾಡುವುದು ಹತ್ತುವ ಕೆಲಸ. ಇಳಿಯುವುದು ಸ್ವಲ್ಪ ಹೊತ್ತು. ಇದರಲ್ಲೇ ವರ್ಟಿಕಲ್ ಎಂಬ ಒಂದು ಬಗೆ ಇದೆ, ಅಲ್ಲಿ ಇಳಿಯುವುದೇ ಇಲ್ಲ. ತುದಿ ಮುಟ್ಟಿದರೆ ಓಟ ಮುಗಿಯಿತು.

ಶಿರಸಿಯ ಪಿ.ಟಿ. ಮೇಷ್ಟ್ರಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬಹುದು. ನನ್ನ ಮಗಳು ಸ್ವಿಟ್ಜರ್ಲೆಂಡಿನ ಸಿಯೋನ್ ಎಂಬ ಊರಲ್ಲಿದ್ದಾಳೆ. 2018ರ ಏಪ್ರಿಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಅವಳ ಕೆಳಗಿನ ಮನೆಯವನು ಬಡಗಿ. ವಾರವೆಲ್ಲ ಬಾಗಿಲು, ಕಪಾಟು ಮಾಡುತ್ತಾನೆ. ರಜೆ ಬಂದರೆ ಸ್ಕೀ ಹೊತ್ತು ಬೆಟ್ಟಕ್ಕೆ ಹೋಗುತ್ತಾನೆ. ನಾನು ಮಕ್ಕಳನ್ನು ಓಡಿಸುವ ಮೇಷ್ಟ್ರು ಅಂತ ಮಗಳು ಹೇಳಿದ್ದೇ ಸಾಕಾಯಿತು. ತನ್ನ ಸಾಮಾನೆಲ್ಲ ತಂದು ಅಡುಗೆಮನೆ ಮೇಜಿನ ಮೇಲೆ ಹರಡಿದ. ಹಿಟ್ಟು ತೂಗುವ ತಕ್ಕಡಿಯನ್ನೂ ತಂದ.

ಮೊದಲು ಒಂದು ಬೂಟು ಇಟ್ಟ. ಪಾದದಿಂದ ಮೊಣಕಾಲಿಗೆ ಅರ್ಧ ದಾರಿಯವರೆಗೆ ಬರುವ ಕಾರ್ಬನ್ ಬೂಟು. 520 ಗ್ರಾಂ. ನನಗೆ ನಂಬಿಕೆ ಬರಲಿಲ್ಲ. ನಿಮ್ಮ ಬೂಟು ಬಿಚ್ಚಿ ಇಡಿ ಎಂದ. ಶಿರಸಿಯಲ್ಲಿ ಕೊಂಡ ಚರ್ಮದ ಬೂಟು, ಸಾಕ್ಸ್ ತೆಗೆದೇ ಇಟ್ಟೆ. 640 ಗ್ರಾಂ! ಮಗಳು ನಕ್ಕಳು. ಹೆಂಡತಿ ಮಾತ್ರ ಹಿಟ್ಟಿನ ತಕ್ಕಡಿ ಮೇಲೆ ಬೂಟು ಇಟ್ಟಿದ್ದಕ್ಕೆ ಮುಖ ಸಿಂಡರಿಸಿದಳು.

ಆಮೇಲೆ ಸ್ಕೀ. ನನ್ನ ಗಲ್ಲದವರೆಗೆ ಬರುವ ಉದ್ದ, ಆದರೆ ಕಿರುಬೆರಳಲ್ಲಿ ಎತ್ತಬಹುದಿತ್ತು. ಬೂಟು ಕೂರಿಸುವ ಕಟ್ಟು, ಅಂದರೆ ಬೈಂಡಿಂಗ್, ನೋಡಿದರೆ ಆಟಿಕೆ ಥರ. ಮುಂದೆ ಎರಡು ಸಣ್ಣ ಮೊಳೆಗಳು. ಬೂಟಿನ ತುದಿಯ ಎರಡೂ ಬದಿಯಲ್ಲಿರುವ ತೂತಿಗೆ ಅವು ಕಚ್ಚಿಕೊಳ್ಳುತ್ತವೆ. ಹತ್ತುವಾಗ ಹಿಮ್ಮಡಿ ಬಿಟ್ಟುಕೊಂಡಿರುತ್ತದೆ, ಇಳಿಯುವಾಗ ಹಿಂದಿನ ಕೊಂಡಿಗೆ ಸಿಕ್ಕಿಸುತ್ತಾರೆ. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಸ್ ಬಾರ್ಟೆಲ್ ಎಂಬ ಎಂಜಿನಿಯರು ಮಾಡಿದ ಉಪಾಯ ಇದು. ಭಾರದ ಸಾಮಾನು ಹೊತ್ತು ಮೋಂ ಬ್ಲಾಂ ಬೆಟ್ಟ ಹತ್ತಿ ಸುಸ್ತಾದ ಮೇಲೆ ಹೊಳೆದದ್ದಂತೆ.

ಕಾಲಿನ ಭಾರದ ಕಷ್ಟ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆ ಮರ ಹತ್ತುವ ಕೊನೆಗೌಡ ಕಾಲಿಗೆ ತಳೆ ಎಂಬ ಕುಣಿಕೆ ಬಿಟ್ಟು ಬೇರೇನನ್ನೂ ಹಾಕುವುದಿಲ್ಲ. ಬೆನ್ನಿನ ಚೀಲವನ್ನು ಒಮ್ಮೆ ಹೊತ್ತರೆ ಆಯಿತು. ಕಾಲಿನ ಭಾರವನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಎತ್ತಬೇಕು. ಹಾಗಾಗಿ ಇವರು ಗ್ರಾಂ ಲೆಕ್ಕದಲ್ಲಿ ಜಗಳಾಡುತ್ತಾರೆ. ಕಡೆಗೆ ಈ ಆಟದ ಅಂತರರಾಷ್ಟ್ರೀಯ ಒಕ್ಕೂಟವೇ ಗೆರೆ ಎಳೆಯಬೇಕಾಯಿತು. ಗಂಡಸರ ಒಂದು ಬೂಟು 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಕಟ್ಟು ಸೇರಿ ಒಂದು ಸ್ಕೀ 750 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಹೆಂಗಸರಿಗೆ 450 ಮತ್ತು 700. ಬಾಕ್ಸಿಂಗಿನಲ್ಲಿ ಆಟಗಾರನನ್ನು ತೂಗುತ್ತಾರೆ, ಇಲ್ಲಿ ಅವನ ಬೂಟನ್ನು!

ಸ್ಕೀ ಹಾಕಿಕೊಂಡು ಹತ್ತುವುದು ಹೇಗೆ, ಹಿಂದಕ್ಕೆ ಜಾರುವುದಿಲ್ಲವಾ? ನಾನೂ ಇದನ್ನೇ ಕೇಳಿದ್ದೆ. ಅವನು ಒಂದು ಉದ್ದನೆಯ ಪಟ್ಟಿ ಕೈಗೆ ಕೊಟ್ಟ. 'ಸ್ಕಿನ್' ಅನ್ನುತ್ತಾರೆ. ಹಿಂದೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮ ಕಟ್ಟುತ್ತಿದ್ದರು, ಹೆಸರು ಹಾಗೇ ಉಳಿದಿದೆ. ಈಗ ಅಂಗೋರಾ ಮೇಕೆಯ ಕೂದಲಿಂದ ನೇಯ್ದ ಬಟ್ಟೆ, ಹಿಂಬದಿಗೆ ಅಂಟು. ಎತ್ತಿನ ಮೈಮೇಲೆ ಕೈಯಾಡಿಸಿ ನೋಡಿ. ಕೂದಲು ಒರಗಿದ ಕಡೆಗೆ ಕೈ ಸಲೀಸಾಗಿ ಹೋಗುತ್ತದೆ, ಎದುರು ಸವರಿದರೆ ತಡೆಯುತ್ತದೆ. ಇದೂ ಅಷ್ಟೇ. ಸ್ಕೀ ಅಡಿಗೆ ಅಂಟಿಸಿದರೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ತುದಿ ಮುಟ್ಟಿದ ಮೇಲೆ ಕಿತ್ತು ಎದೆಯೊಳಗೆ ತುರುಕಿಕೊಳ್ಳಬೇಕು. ಚಳಿಗೆ ಸಿಕ್ಕರೆ ಅಂಟು ಸಾಯುತ್ತದೆ. ಅದಕ್ಕೇ ಅವರ ಮೈಗಂಟಿದ ಉಡುಪಿಗೆ ಎದೆಯ ಹತ್ತಿರ ಜೇಬು.

ಕೀಳುವುದನ್ನು ಅವನು ಅಂಗಳದಲ್ಲಿ ಮಾಡಿ ತೋರಿಸಿದ. ಸ್ಕೀ ಕಾಲಲ್ಲೇ ಇರುವಾಗ ಬಗ್ಗಿ, ಸ್ಕೀ ಮೂತಿಯ ಹತ್ತಿರ ಪಟ್ಟಿಯನ್ನು ಹಿಡಿದು, ಕಾಲನ್ನು ಹಿಂದಕ್ಕೆ ಮಡಚಿ ಸರ್ರನೆ ಎಳೆದ. ಇನ್ನೊಂದು ಕಾಲಿಗೂ ಹಾಗೇ. ಎರಡನ್ನೂ ಎದೆಗೆ ತುರುಕಿ, ಹಿಮ್ಮಡಿ ಸಿಕ್ಕಿಸಿ, ಬೂಟು ಬಿಗಿ ಮಾಡುವ ಹಿಂದಿನ ಸನ್ನೆಕೋಲನ್ನು ಕೆಳಗೆ ತಳ್ಳಿದ. ನನ್ನ ಸ್ಟಾಪ್‌ವಾಚಿನಲ್ಲಿ 22 ಸೆಕೆಂಡ್. "ಇದು ಮುದುಕರ ಟೈಮು" ಅಂದನಂತೆ. ಒಲಿಂಪಿಕ್ಸ್‌ನಲ್ಲಿ ಬೋರ್ಮಿಯೊ ಎಂಬಲ್ಲಿ ನಡೆದ ಸ್ಪ್ರಿಂಟ್ ಓಟ ಒಟ್ಟು ಸುಮಾರು ಮೂರು ನಿಮಿಷದ್ದು. ಸ್ಕಿನ್ ಮೇಲೆ ಹತ್ತಿ, ಸ್ಕೀಗಳನ್ನು ಬೆನ್ನಿಗೆ ಸಿಕ್ಕಿಸಿ ಮೆಟ್ಟಿಲು ಓಡಿ, ಮತ್ತೆ ಹಾಕಿ ಹತ್ತಿ, ಕಿತ್ತು ಇಳಿಯಬೇಕು. ಅದರಲ್ಲಿ ಸ್ಕಿನ್ ಕೀಳುವಾಗ ಕೈ ತಡವರಿಸಿದರೆ ಪದಕ ಹೋಯಿತು ಅಂತಲೇ ಲೆಕ್ಕ.

ಟಿ.ವಿ.ಗೆ ಆ ಮೂರು ನಿಮಿಷ ಚೆನ್ನ. ಆದರೆ ಈ ಆಟ ಅಷ್ಟೇ ಅಂತ ಯಾರಾದರೂ ತಿಳಿದರೆ ನಾನು ಒಪ್ಪುವುದಿಲ್ಲ. ನಾನು ನೋಡಿದ್ದೇ ಬೇರೆ.

ಸ್ವಿಸ್ ಸೇನೆ ಎರಡು ವರ್ಷಕ್ಕೊಮ್ಮೆ 'ಪತ್ರೂಯ್ ದೆ ಗ್ಲಾಸಿಯೆ' ಎಂಬ ಓಟ ನಡೆಸುತ್ತದೆ. ಹಿಮನದಿಗಳ ಗಸ್ತು ಅಂತ ಅರ್ಥ. ಜರ್ಮಾಟ್‌ನಿಂದ ವೆರ್ಬಿಯೆವರೆಗೆ 50 ಕಿ.ಮೀ.ಗೂ ಜಾಸ್ತಿ ದಾರಿ, ಒಟ್ಟು ಸುಮಾರು 4000 ಮೀಟರ್ ಏರು. ಕುಕ್ಕೆಯಿಂದ ಕುಮಾರಪರ್ವತಕ್ಕೆ ಸುಮಾರು 1600 ಮೀಟರ್ ಏರು. ಅದನ್ನೇ ಎರಡೂವರೆ ಸಲ ಹತ್ತಿದ ಹಾಗೆ, ಅದೂ ರಾತ್ರಿ, ಹಿಮದಲ್ಲಿ. ಮೊದಲ ಓಟ 1943ರಲ್ಲಿ, ಯುದ್ಧದ ಕಾಲದಲ್ಲಿ, ಸೈನಿಕರ ತಾಕತ್ತು ನೋಡಲು ನಡೆದದ್ದು. 1949ರಲ್ಲಿ ಒಂದು ತಂಡದ ಮೂವರೂ ಹಿಮನದಿಯ ಬಿರುಕಿಗೆ ಬಿದ್ದು ತೀರಿಕೊಂಡರು. ಓಟವನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 1984ರಲ್ಲಿ.

ಇದರಲ್ಲಿ ಒಬ್ಬೊಬ್ಬರೇ ಓಡುವಂತಿಲ್ಲ, ಮೂವರ ತಂಡ. 3650 ಮೀಟರ್ ಎತ್ತರದ ತೆತ್ ಬ್ಲಾಂಶ್ ಹತ್ತುವಾಗಲೂ, ಅಲ್ಲಿಂದ ಹಿಮನದಿ ಮೇಲೆ ಇಳಿಯುವಾಗಲೂ ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿರಬೇಕು. ಕತ್ತಲಲ್ಲಿ ಒಂದೇ ಹಗ್ಗದಲ್ಲಿ ಮೂರು ಜನ ಸ್ಕೀ ಮೇಲೆ ಇಳಿಯುವುದನ್ನು ಸ್ವಲ್ಪ ಊಹಿಸಿ. ಒಬ್ಬ ಬಿದ್ದರೆ ಮೂವರೂ ಬೀಳುತ್ತಾರೆ.

ಆ ವರ್ಷ ನಮ್ಮ ಬಡಗಿಯೂ ಇದರಲ್ಲಿ ಓಡುತ್ತಿದ್ದ. ನಾವು ನಡುದಾರಿಯ ಅರೋಲಾ ಎಂಬ ಹಳ್ಳಿಯಲ್ಲಿ ಬೆಳಗಿನ ಜಾವ ನಿಂತಿದ್ದೆವು. ನಾನು ಎರಡು ಸ್ವೆಟರು, ಮಫ್ಲರು, ಮೇಲೊಂದು ಮಗಳ ಕೋಟು. ಮೇಲೆ ಬೆರ್ತೋಲ್ ಕಣಿವೆಯ ಕಡೆಯಿಂದ ತಲೆಗೆ ಕಟ್ಟಿದ ಲೈಟುಗಳು ಮೂರು ಮೂರಾಗಿ ಇಳಿಯುತ್ತಿದ್ದವು. ಕಾರ್ತಿಕ ದೀಪೋತ್ಸವದ ನೆನಪಾಯಿತು. ನಮ್ಮ ಬಡಗಿಯ ತಂಡ ಬಂತು. ಗಡ್ಡದಲ್ಲಿ ಮಂಜಿನ ಹರಳು. ನನ್ನನ್ನು ನೋಡಿ ತಲೆಯಾಡಿಸಿದ, ಅಷ್ಟೇ. ಎದೆಯಿಂದ ಸ್ಕಿನ್ ಎಳೆದಾಗ ಹಬೆ ಎದ್ದಿತು. ಸ್ಕೀ ಅಡಿಯನ್ನು ತೋಳಿಂದ ಒರೆಸಿ ಅಂಟಿಸಿದ. ಅವರ ಮೂರನೆಯವನು ಪೂರ್ತಿ ಬಸವಳಿದಿದ್ದ. ಬಡಗಿ ತನ್ನ ಚೀಲದ ಹಿಂದಿನಿಂದ ಒಂದು ಎಲಾಸ್ಟಿಕ್ ಹಗ್ಗ ಎಳೆದು ಅವನ ಸೊಂಟಕ್ಕೆ ಸಿಕ್ಕಿಸಿದ. ಹೀಗೆ ಎಳೆದುಕೊಂಡು ಹೋಗುವುದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲವಂತೆ. ಮೂವರೂ ಮತ್ತೆ ಏರಿಗೆ ಹೊರಟರು. ಮೂವತ್ತೊಂದು ವರ್ಷ ಮೈದಾನದಲ್ಲಿ ನಿಂತವನು ನಾನು. ಒಬ್ಬ ಆಟಗಾರ ಇನ್ನೊಬ್ಬನನ್ನು ಸೊಂಟಕ್ಕೆ ಕಟ್ಟಿ ಎಳೆಯುವ ಓಟ ನೋಡಿರಲಿಲ್ಲ.

ಅವರಿಗೆ ಹನ್ನೊಂದು ಗಂಟೆ ಚಿಲ್ಲರೆ ಹಿಡಿಯಿತು. ಅದೇ ವರ್ಷ ಇಟಲಿಯ ಬೊಸ್ಕಾಚಿ, ಆಂಟೋನಿಯೋಲಿ, ಐಡಲಿನ್ ಎಂಬ ಮೂವರು 5 ಗಂಟೆ 35 ನಿಮಿಷ 27 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಮಾಡಿದರು. ಅವರು ಮನುಷ್ಯರೋ ಅಲ್ಲವೋ ನಾನು ಹೇಳಲಾರೆ.

ತಕ್ಕಡಿಯ ಕಥೆಯಲ್ಲಿ ಒಂದು ಬಾಕಿ ಇದೆ. ಅವನ ಚೀಲದಲ್ಲಿ ಇನ್ನೂ ಸಾಮಾನಿತ್ತು. ಸಲಿಕೆ, ಎರಡು ಮೀಟರಿಗಿಂತ ಉದ್ದ ಬಿಚ್ಚುವ ಕೋಲು, ತೆಳ್ಳನೆಯ ಬೆಳ್ಳಿ ಬಣ್ಣದ ಹೊದಿಕೆ. ಎದೆಗೆ ಕಟ್ಟಿಕೊಳ್ಳುವ ಒಂದು ಯಂತ್ರ, ಹಿಮ ಕುಸಿದು ಹೂತುಹೋದರೆ ಹುಡುಕುವವರಿಗೆ ಸಂಕೇತ ಕಳಿಸುವಂಥದ್ದು. ಇವನ್ನೂ ತೂಗು ಅಂದೆ. ಅವನು ತೂಗಲಿಲ್ಲ. ಚೀಲಕ್ಕೆ ವಾಪಸು ತುಂಬಿದ. ಓಟದ ಮೊದಲು ಇವನ್ನು ಪರೀಕ್ಷೆ ಮಾಡುತ್ತಾರೆ, ಇಲ್ಲದಿದ್ದರೆ ಬಿಡುವುದಿಲ್ಲ ಎಂದು ಮಗಳು ಹೇಳಿದಳು.

ನನಗೆ ಮುಖ ಸಣ್ಣಗಾಯಿತು. 2009ರಲ್ಲಿ ಹತ್ತನೇ ಕ್ಲಾಸಿನ 22 ಮಕ್ಕಳನ್ನು ಕುಮಾರಪರ್ವತಕ್ಕೆ ಕರೆದುಕೊಂಡು ಹೋಗಿದ್ದೆ. ಚೀಲ ಹಗುರವಾಗಲಿ ಅಂತ ಹಗ್ಗ, ನಾಲ್ಕು ಟಾರ್ಚ್ ಬೆಟ್ಟದ ಕೆಳಗಿನ ಒಂದು ಮನೆಯಲ್ಲೇ ಬಿಟ್ಟಿದ್ದೆ. ನಾನೇ ಬಿಡಿಸಿದ್ದು. ಒಬ್ಬ ಹುಡುಗನ ಕಾಲು ಉಳುಕಿತು, ಕತ್ತಲಾಯಿತು. ಎರಡು ಮೊಬೈಲ್ ಬೆಳಕಲ್ಲಿ ಅವನನ್ನು ಸರದಿ ಮೇಲೆ ಹೊತ್ತು ಇಳಿಸಿದೆವು. ರಾತ್ರಿ ಒಂದೂವರೆ ಗಂಟೆ. ಆ ಹುಡುಗ ಈಗ ಎಂಜಿನಿಯರು, ಸಿಕ್ಕಾಗ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಹಿಮ ಇಲ್ಲದ ನಾಡಿನವರಿಗೆ ಈ ಸುದ್ದಿ ಯಾಕೆ ಅಂತ ನಿಮ್ಮ ಡೆಸ್ಕಿನವರು ಅನ್ನಬಹುದು. ಕೊಡಗಿನ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶಕ್ಕೆ ಆಡಿಲ್ಲವಾ? ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಸ್ಕೀ ಮೌಂಟನಿಯರಿಂಗ್ ಕೂಡ ನಡೆದಿದೆ. ಬೆಟ್ಟ ಹತ್ತುವ ಮಕ್ಕಳು ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟಿದ್ದಾರೆ. ಹೀಗೊಂದು ಆಟ ಇದೆ ಅಂತ ಅವರಿಗೆ ಗೊತ್ತಾಗಬೇಕಲ್ವಾ?

ಪತ್ರೂಯ್ ಮತ್ತೆ ಬಂದಾಗ ಅರ್ಧ ಕಾಲಂ ಕೊಡಿ, ಸಾಕು. 'ಜಾರಾಟ' ಅಂತ ಮಾತ್ರ ಬರೆಯಬೇಡಿ. ಚಿತ್ರ ಬೇಕಿದ್ದರೆ ಅರೋಲಾದಲ್ಲಿ ತೆಗೆದದ್ದು ನನ್ನ ಹತ್ತಿರ ಇದೆ. ಚಳಿಗೆ ಕೈ ನಡುಗಿ ಸ್ವಲ್ಪ ಮಸುಕಾಗಿದೆ. ಆದರೆ ಅದರಲ್ಲಿ ಯಾರೂ ಹಾರುತ್ತಿಲ್ಲ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ, ಶಿರಸಿ