ಏಪ್ರಿಲ್‌ನಲ್ಲಿ ಕೊಡಬೇಕಾದ ಒಂದು ಹಾಳೆ

ಮಾನ್ಯ ಸಂಪಾದಕರೇ,

12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದು 2025ರ ಬಜೆಟ್‌ನಲ್ಲಿ ಘೋಷಣೆಯಾದ ಮೇಲೆ, ನಮ್ಮ ಊರಿನ ಅನೇಕ ಪಿಂಚಣಿದಾರರು ಇನ್ನು ತಮಗೂ ಆದಾಯ ತೆರಿಗೆಗೂ ಸಂಬಂಧವೇ ಇಲ್ಲವೆಂದು ನಿರಾಳವಾಗಿದ್ದಾರೆ. ಹಲವು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಿವೃತ್ತನಾದ ನನಗೆ ಈ ನಿರಾಳತೆಯೇ ಆತಂಕ ತಂದಿದೆ. ಸಣ್ಣ ಆದಾಯದವರ ಹಣ ಹೋಗುವುದು ತೆರಿಗೆಯ ದರ ಹೆಚ್ಚಾಗಿರುವುದರಿಂದಲ್ಲ. ಕೊಡಬೇಕಾಗಿಯೇ ಇಲ್ಲದ ತೆರಿಗೆ ಮೂಲದಲ್ಲೇ ಕಡಿತವಾಗಿ, ಅದನ್ನು ಮರಳಿ ಕೇಳುವ ಅವಧಿಯೂ ಗೊತ್ತಿಲ್ಲದಂತೆ ಕಳೆದುಹೋಗುವುದರಿಂದ.

ನನ್ನ ಅಕ್ಕನಿಗೆ ಈಗ 68 ವರ್ಷ. ಭಾವ ತೀರಿಕೊಂಡ ಮೇಲೆ ಬಂದ ಹಣವನ್ನು ಅವಳು ತನ್ನ ಊರಿನ ಒಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾಳೆ. ವರ್ಷಕ್ಕೆ ಬರುವ ಬಡ್ಡಿ ಸುಮಾರು 90,000 ರೂಪಾಯಿ. ಕುಟುಂಬ ಪಿಂಚಣಿ ಸೇರಿಸಿದರೂ ಅವಳ ಆದಾಯ 3 ಲಕ್ಷ ದಾಟುವುದಿಲ್ಲ. ತೆರಿಗೆಯ ಪ್ರಶ್ನೆಯೇ ಇಲ್ಲದ ಈ ಆದಾಯದಿಂದ 2022–23ರಲ್ಲಿ 9,000, 2023–24ರಲ್ಲಿ 9,000 ರೂಪಾಯಿ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಆಗಿದೆ. ಹೀಗೆ ಕಡಿತವಾಗದಂತೆ ಬ್ಯಾಂಕಿಗೆ ಬರೆದುಕೊಡುವ ಫಾರಂ 15ಎಚ್ ಎಂಬುದೊಂದಿದೆ ಎಂದು ಶಾಖೆಯಲ್ಲಿ ಯಾರೂ ಅವಳಿಗೆ ಹೇಳಲಿಲ್ಲ. ಬೇರೆ ಊರಿನಲ್ಲಿದ್ದ ನಾನೂ ಕೇಳಲಿಲ್ಲ, ಆ ನೋವು ನನಗಿದೆ. ಕಳೆದ ತಿಂಗಳು ಅವಳ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್ ತೆಗೆದು ನೋಡುವಷ್ಟರಲ್ಲಿ ಆ ಎರಡೂ ವರ್ಷಗಳ ರಿಟರ್ನ್ಸ್ ಸಲ್ಲಿಸುವ ಅವಕಾಶ, ತಡವಾಗಿ ಸಲ್ಲಿಸುವ ಅವಕಾಶವೂ ಸೇರಿ, ಮುಗಿದಿತ್ತು. ಆಮೇಲೆ ಸಲ್ಲಿಸಬಹುದಾದ ‘ಅಪ್‌ಡೇಟೆಡ್ ರಿಟರ್ನ್’ ಹೆಚ್ಚಿನ ತೆರಿಗೆ ಕಟ್ಟುವವರಿಗಷ್ಟೇ. ಅದರಲ್ಲಿ ಹಣ ವಾಪಸ್ ಕೇಳಲು ಬರುವುದಿಲ್ಲ. ಉಳಿದಿರುವ ದಾರಿ ಒಂದೇ: ವಿಳಂಬವನ್ನು ಮನ್ನಿಸುವಂತೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕುವುದು. ಕರನಿರ್ಧಾರಣಾ ವರ್ಷ (ಆದಾಯ ಬಂದ ಆರ್ಥಿಕ ವರ್ಷದ ಮರುವರ್ಷ) ಮುಗಿದ 5 ವರ್ಷಗಳೊಳಗೆ ಈ ಅರ್ಜಿ ಹಾಕಬಹುದೆಂಬುದು ಬಹಳ ಮಂದಿಗೆ ತಿಳಿದಿಲ್ಲ. ಹಳೆಯ ಕಡಿತಗಳಿರುವವರು ಆಸೆ ಬಿಡದೆ ಇದನ್ನು ಪ್ರಯತ್ನಿಸಬೇಕು.

ಆದರೆ ಇಷ್ಟೆಲ್ಲ ಅಲೆದಾಟಕ್ಕೆ ಕಾರಣವಾದದ್ದು ಏಪ್ರಿಲ್‌ನಲ್ಲಿ ಕೊಡಬೇಕಾಗಿದ್ದ ಒಂದು ಹಾಳೆ. ತಮ್ಮ ಇಡೀ ವರ್ಷದ ಅಂದಾಜು ಆದಾಯಕ್ಕೆ ತೆರಿಗೆ ಬರುವುದಿಲ್ಲವೆಂದು 60 ವರ್ಷ ತುಂಬಿದವರು 2025ರಲ್ಲಿ ಬರೆದುಕೊಡುತ್ತಿದ್ದದ್ದು ಫಾರಂ 15ಎಚ್. ಅದಕ್ಕಿಂತ ಕಿರಿಯರು ಕೊಡುತ್ತಿದ್ದದ್ದು ಫಾರಂ 15ಜಿ. ಕಿರಿಯರಿಗೆ ಇನ್ನೊಂದು ಷರತ್ತಿದೆ: ಬಡ್ಡಿಯ ಒಟ್ಟು ಮೊತ್ತವೇ ತೆರಿಗೆರಹಿತ ಮೂಲ ಮಿತಿಯನ್ನು ದಾಟಿರಬಾರದು. ಈ ಫಾರಂ ಒಂದು ಆರ್ಥಿಕ ವರ್ಷಕ್ಕೆ ಮಾತ್ರ ಊರ್ಜಿತ. ಹೋದ ವರ್ಷ ಕೊಟ್ಟಿದ್ದೇನೆ ಎಂದು ಸುಮ್ಮನಿದ್ದರೆ ಈ ವರ್ಷ ಕಡಿತವಾಗುತ್ತದೆ. ಮೂರು ಬ್ಯಾಂಕುಗಳಲ್ಲಿ ಠೇವಣಿ ಇದ್ದರೆ ಮೂರೂ ಕಡೆ ಕೊಡಬೇಕು. ಬಡ್ಡಿಯನ್ನು ಕೈಗೆ ಪಡೆಯದೆ ಅಸಲಿಗೇ ಸೇರಿಸುವ ಠೇವಣಿಯಲ್ಲೂ ವರ್ಷ ವರ್ಷ ಟಿಡಿಎಸ್ ಕಡಿತವಾಗುತ್ತದೆ ಎಂಬುದನ್ನು ಠೇವಣಿ ಮುಗಿದ ದಿನ ಲೆಕ್ಕ ನೋಡಿ ಗಾಬರಿಯಾದವರನ್ನು ನಾನು ಕೌಂಟರಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಪ್ಯಾನ್ ಸಂಖ್ಯೆ ಕೊಡದಿದ್ದರಂತೂ ಕಡಿತ ಶೇ 10ರ ಬದಲು ಶೇ 20. ತೆರಿಗೆ ನಿಜವಾಗಿ ಬರುವವರು ಮಾತ್ರ ಈ ಫಾರಂ ಕೊಡಲೇಬಾರದು. ಸುಳ್ಳು ಘೋಷಣೆ ಶಿಕ್ಷಾರ್ಹ ಅಪರಾಧ.

2025ರ ಏಪ್ರಿಲ್ 1ರಿಂದ ಹಿರಿಯ ನಾಗರಿಕರ ಬಡ್ಡಿಗೆ ಟಿಡಿಎಸ್ ಮಿತಿ 50,000ದಿಂದ 1 ಲಕ್ಷಕ್ಕೆ, ಉಳಿದವರಿಗೆ 40,000ದಿಂದ 50,000ಕ್ಕೆ ಏರಿದೆ. ಹೀಗಾಗಿ ಅಕ್ಕನಂಥವರಿಗೆ 2025–26ರಿಂದ ಕಡಿತವಾಗಲಾರದು. ಒಮ್ಮೆ ಕಡಿತವಾದದ್ದು ಮಾತ್ರ ತಾನಾಗಿ ಬರುವುದಿಲ್ಲ. ಆ ಆರ್ಥಿಕ ವರ್ಷ ಮುಗಿದ ಮೇಲೆ ಸಾಮಾನ್ಯ ಗಡುವಾದ ಜುಲೈ 31ರೊಳಗೆ, ಅದು ತಪ್ಪಿದರೆ ಡಿಸೆಂಬರ್ 31ರೊಳಗೆ ರಿಟರ್ನ್ಸ್ ಸಲ್ಲಿಸಿ, 30 ದಿನಗಳೊಳಗೆ ಇ–ವೆರಿಫೈ (ಆನ್‌ಲೈನ್‌ನಲ್ಲಿ ದೃಢೀಕರಣ) ಮಾಡಿದರಷ್ಟೇ ಖಾತೆಗೆ ಮರಳುತ್ತದೆ. ಅಡಿಕೆ, ಭತ್ತ ಬೆಳೆಯುವ ನಮ್ಮ ಭಾಗದ ರೈತರೂ ಇದನ್ನು ಗಮನಿಸಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಆದರೆ ಬೆಳೆ ಮಾರಿದ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಅದರ ಬಡ್ಡಿ ಕೃಷಿ ಆದಾಯವಲ್ಲ.

ಸಂಬಳದಾರರ ಹಣ ಸೋರುವುದು ಇನ್ನೊಂದು ಕಡೆ. ದರ ಕಡಿಮೆ, ಆದರೆ ವಿನಾಯಿತಿಗಳೂ ಕಡಿಮೆ ಇರುವ ಹೊಸ ತೆರಿಗೆ ಪದ್ಧತಿ ಈಗ ತಾನಾಗಿ ಅನ್ವಯಿಸುವ ಪದ್ಧತಿಯಾಗಿರುವುದರಿಂದ, ಹಳೆಯದು ಬೇಕೆಂದು ಬರೆದುಕೊಡದ ನೌಕರರ ಸಂಬಳದಿಂದ ಕಚೇರಿಗಳು ಹೊಸ ಪದ್ಧತಿಯಂತೆಯೇ ತೆರಿಗೆ ಕಡಿತ ಮಾಡಿವೆ. ವರ್ಷಕ್ಕೆ 9 ಲಕ್ಷ ಸಂಬಳವಿರುವ ಒಬ್ಬ ಶಿಕ್ಷಕಿಯ 2024–25ರ ಲೆಕ್ಕವನ್ನೇ ನೋಡೋಣ. ಹೊಸ ಪದ್ಧತಿಯಲ್ಲಿ ಎಲ್ಲ ಸಂಬಳದಾರರಿಗೂ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿ 33,800 ರೂಪಾಯಿ ತೆರಿಗೆ ಬರುತ್ತದೆ. ಆಕೆ ಭವಿಷ್ಯ ನಿಧಿ, ಜೀವ ವಿಮೆ ಮುಂತಾದವುಗಳಲ್ಲಿ 1.5 ಲಕ್ಷ ತೊಡಗಿಸಿ, ತಾನು ವಾಸವಿರುವ ಮನೆಯ ಸಾಲಕ್ಕೆ 2 ಲಕ್ಷ ಬಡ್ಡಿ ಕಟ್ಟಿದ್ದರೆ, ಹಳೆಯ ಪದ್ಧತಿಯ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಇವೆರಡನ್ನೂ ಕಳೆದಾಗ ಉಳಿಯುವುದು 5 ಲಕ್ಷ. ಅದಕ್ಕೆ ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿ ತೆರಿಗೆ ಸೊನ್ನೆ. ಕಡಿತವಾದ ಅಷ್ಟೂ ಹಣ ಆಕೆಗೆ ಮರಳಬೇಕಾದದ್ದು. ವ್ಯಾಪಾರ, ವೃತ್ತಿಯ ಆದಾಯವಿಲ್ಲದವರು ರಿಟರ್ನ್ಸ್ ತುಂಬುವಾಗಲೇ ಹಳೆಯ ಪದ್ಧತಿಯನ್ನು ಆಯ್ದುಕೊಳ್ಳಬಹುದು, ಆದರೆ ಗಡುವಿನೊಳಗೆ ಮಾತ್ರ. ಒಂದು ದಿನ ತಡವಾದರೂ ಹೊಸ ಪದ್ಧತಿಯೇ ಗತಿ. ಅದೇ ಶಿಕ್ಷಕಿಗೆ 2025–26ರ ಸಂಬಳಕ್ಕೆ ಹೊಸ ಪದ್ಧತಿಯಲ್ಲೇ ತೆರಿಗೆ ಇಲ್ಲ. ಆದ್ದರಿಂದ ‘ಯಾವ ಪದ್ಧತಿ ಒಳ್ಳೆಯದು’ ಎಂದು ಪಕ್ಕದ ಮೇಜಿನವರನ್ನು ಕೇಳಿ ತೀರ್ಮಾನಿಸುವ ಬದಲು, ಪ್ರತಿ ವರ್ಷ ತಮ್ಮದೇ ಅಂಕಿಗಳನ್ನು ಇಲಾಖೆಯ ಜಾಲತಾಣದ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಬೇಕು.

ಹಳೆಯ ಪದ್ಧತಿಯಲ್ಲಿರುವವರು ಮರೆಯುವ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆರೋಗ್ಯ ವಿಮೆ ಇಲ್ಲದ ವಯಸ್ಸಾದ ತಂದೆ ತಾಯಿಯ ಔಷಧ, ಚಿಕಿತ್ಸೆಯ ಖರ್ಚನ್ನು ಮಕ್ಕಳು ನಗದಲ್ಲದೆ ಬೇರೆ ರೀತಿಯಲ್ಲಿ ಪಾವತಿಸಿದ್ದರೆ, ತಮ್ಮ ಆದಾಯದಿಂದ 50,000 ರೂಪಾಯಿವರೆಗೆ ಕಳೆಯಬಹುದು. ಔಷಧದ ಅಂಗಡಿಯ ಬಿಲ್ಲುಗಳನ್ನು ಎಸೆಯಬಾರದು.

ಹೆಂಡತಿಯ ಹೆಸರಿನಲ್ಲಿ ಠೇವಣಿ ಇಟ್ಟರೆ ತೆರಿಗೆ ತಪ್ಪುತ್ತದೆಂಬುದು ತಪ್ಪು ತಿಳಿವಳಿಕೆ. ಗಂಡ ಕೊಟ್ಟ ಹಣದ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು, ಇಲ್ಲದ ಮನೆ ಬಾಡಿಗೆ, ಕೊಡದ ದೇಣಿಗೆ ತೋರಿಸಿ ಹೆಚ್ಚು ರೀಫಂಡ್ ಕೊಡಿಸುತ್ತೇವೆಂದು ಬರುವ ಮಧ್ಯವರ್ತಿಗಳ ಮಾತು. ಸುಳ್ಳು ಸಿಕ್ಕಿಬಿದ್ದಾಗ ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ ಬೀಳುವುದು ಪ್ಯಾನ್ ಯಾರದೋ ಅವರ ಮೇಲೆ. ಮಧ್ಯವರ್ತಿ ತನ್ನ ಪಾಲು ತೆಗೆದುಕೊಂಡು ಅಷ್ಟರಲ್ಲಿ ಹೋಗಿರುತ್ತಾನೆ. ಪ್ರಾಮಾಣಿಕವಾಗಿ ಉಳಿಸುವ ದಾರಿಗಳು ಇಷ್ಟಿರುವಾಗ ನಮ್ಮ ಯುವ ನೌಕರರು ಈ ಬಲೆಗೆ ಬೀಳುವುದನ್ನು ಕಂಡು ನಿಜಕ್ಕೂ ದುಃಖವಾಗುತ್ತದೆ.



ಬ್ಯಾಂಕುಗಳಲ್ಲಿ ನನ್ನ ವಿನಂತಿ ಹೀಗಿದೆ. ಠೇವಣಿ ಮುಗಿಯುವ ದಿನವನ್ನು ತಪ್ಪದೆ ಎಸ್‌ಎಂಎಸ್ ಮೂಲಕ ತಿಳಿಸುವ ನೀವು, ಏಪ್ರಿಲ್ ಮೊದಲ ವಾರದಲ್ಲಿ 60 ದಾಟಿದ ಪ್ರತಿಯೊಬ್ಬ ಠೇವಣಿದಾರರಿಗೂ ಈ ಘೋಷಣೆಯ ಫಾರಂ ಬಗ್ಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಿ. ಕೌಂಟರಿನಲ್ಲಿ ಫಾರಂ ಜೊತೆಗೆ ಅದರ ಕನ್ನಡ ವಿವರಣೆಯನ್ನೂ ಇಡಿ. ‘ಅಂದಾಜು ಒಟ್ಟು ಆದಾಯ’ ಎಂಬ ಅಂಕಣದಲ್ಲಿ ಬಡ್ಡಿಯನ್ನಷ್ಟೇ ಬರೆದು ಪಿಂಚಣಿಯನ್ನು ಬಿಡುವ ತಪ್ಪು ನಾನು ಸೇವೆಯಲ್ಲಿದ್ದಷ್ಟು ಕಾಲವೂ ನಡೆಯುತ್ತಿತ್ತು. ತಮ್ಮ ಪತ್ರಿಕೆಯೂ ಸರಿಯಾಗಿ ತುಂಬಿದ ಒಂದು ಮಾದರಿ ಫಾರಂ ಅನ್ನು ಈ ತಿಂಗಳೊಳಗೆ ಪ್ರಕಟಿಸಿದರೆ, ಓದುಗರು ಅದನ್ನು ಕತ್ತರಿಸಿಕೊಂಡು ಬ್ಯಾಂಕಿಗೆ ಒಯ್ಯಬಹುದು.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಗರ