ಶನಿವಾರದ ಪುಸ್ತಕ ಪೀರಿಯಡ್ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ಬುಧವಾರ ನಿಮ್ಮಲ್ಲಿ ನಾಲ್ಕೈದು ಜನ ಆಫೀಸಿಗೆ ಬಂದಿದ್ದಿರಿ. ಒಬ್ಬರು ಚೀಲದಿಂದ ಒಂದು ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಮೇಡಂ, ಮಕ್ಕಳನ್ನ ಸ್ಕೂಲಿಗೆ ಕಳಿಸೋದು ಪಾಠ ಓದ್ಲಿ ಅಂತ. ಕತೆ ಪುಸ್ತಕ ಓದ್ಲಿ ಅಂತಲ್ಲ" ಅಂದರು. ಅಷ್ಟರಲ್ಲಿ ಬಿಸಿಯೂಟದ ಬೆಲ್ ಹೊಡೆಯಿತು. ನಾನು ಕೊಟ್ಟ ಉತ್ತರ ಅರ್ಧಂಬರ್ಧ ಆಯಿತು. ನಿಮಗೆ ಸಮಾಧಾನ ಆಗಿಲ್ಲ ಅಂತ ಮುಖ ನೋಡಿಯೇ ಗೊತ್ತಾಯಿತು. ಆಮೇಲೆ ಅದೇ ಮಾತು ವಾಟ್ಸಾಪ್ ಗ್ರೂಪಿನಲ್ಲೂ ಬಂತು. ಹಾಗಾಗಿ ಎಲ್ಲರಿಗೂ ಒಂದೇ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಪುರುಸೊತ್ತು ಮಾಡಿಕೊಂಡು ಓದಿ.

ನಡೆಯುತ್ತಿರುವುದು ಇಷ್ಟೇ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಹಾಲ್‌ನಲ್ಲಿ ಕೂರುತ್ತಾರೆ. ಓದಿ ಇಷ್ಟಪಟ್ಟ ಪುಸ್ತಕದ ಬಗ್ಗೆ, ಬರೆದವರ ಬಗ್ಗೆ ಐದಾರು ಮಕ್ಕಳು ಎದ್ದು ನಿಂತು ಮಾತಾಡುತ್ತಾರೆ. ಕೇಳಿದವರಲ್ಲಿ ಯಾರಿಗೆ ಆಸೆಯಾಗುತ್ತೋ ಅವರು ಆ ಪುಸ್ತಕ ಒಯ್ಯುತ್ತಾರೆ. ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದಿದ್ದೇವೆ: ಪುಸ್ತಕ, ಬರೆದವರು, ಹೇಳಿದವರು, ಒಯ್ದವರು. ಇದಕ್ಕೆ ಮಾರ್ಕ್ಸ್ ಇಲ್ಲ, ಬಹುಮಾನ ಇಲ್ಲ, ಬಲವಂತವೂ ಇಲ್ಲ.

ಮೊದಲು ನಮ್ಮ ಕಡೆಯ ತಪ್ಪು ಹೇಳಿಬಿಡುತ್ತೇನೆ. ಗಣಿತದ ಟೆಸ್ಟಿನ ಹಿಂದಿನ ರಾತ್ರಿ ಒಂದು ಮಗು ಪಠ್ಯಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಓದಿದೆ. ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಂದಿದೆ. ಮನೆಯವರಿಗೆ ಬೇಜಾರಾಗುವುದು ಸಹಜ, ನನಗೂ ಆಯಿತು. ಟೆಸ್ಟ್ ಇರುವ ವಾರ ಪುಸ್ತಕ ಕೊಡಬಾರದು ಅನ್ನುವುದು ನಮಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇನ್ನು ಮುಂದೆ ಟೆಸ್ಟಿನ ವಾರ ಬೀರುವಿಗೆ ಬೀಗ. ಮಗುವಿನ ಹತ್ತಿರವೂ ಮಾತಾಡಿದ್ದೇನೆ. ಕತೆ ಓದಿದ್ದಕ್ಕೆ ಬೈಯಲಿಲ್ಲ, ಮನೆಯವರಿಂದ ಮುಚ್ಚಿಟ್ಟಿದ್ದು ಸರಿಯಲ್ಲ ಅಂತ ಹೇಳಿದೆ. ಪುಸ್ತಕ ಹರಿದರೆ, ಮಳೆಯಲ್ಲಿ ನೆನೆದರೆ ದಂಡ ಕಟ್ಟಬೇಕಾ ಅಂತಲೂ ಕೆಲವರು ಕೇಳಿದ್ದೀರಿ. ಬೇಡ. ಅಂಟು, ಬಟ್ಟೆ ಪಟ್ಟಿ ಎರಡೂ ನಮ್ಮಲ್ಲಿವೆ. ಮಕ್ಕಳೇ ಕೂತು ಸರಿಮಾಡುತ್ತಾರೆ.

ಇನ್ನು ಹತ್ತನೇ ಕ್ಲಾಸಿನ ವಿಷಯ. ಬಂದವರೆಲ್ಲರ ಒತ್ತಾಯ ಇದೇ ಆಗಿತ್ತು, ಎಸ್ಸೆಸ್ಸೆಲ್ಸಿ ಮಕ್ಕಳನ್ನಾದರೂ ಇದರಿಂದ ಬಿಡಿ ಅಂತ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ತೋಟದ ಕೆಲಸ ಮುಗಿಸಿ ಬಂದು, ರಾತ್ರಿ ಮಗು ಓದುವಾಗ ಪಕ್ಕದಲ್ಲಿ ನಿದ್ದೆ ತಡೆದುಕೊಂಡು ಕೂರುವ ಅಮ್ಮಂದಿರು ನಿಮ್ಮಲ್ಲಿದ್ದಾರೆ. ನಿಮ್ಮ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಆದರೂ ಹತ್ತನೇ ಕ್ಲಾಸನ್ನು ನಾನು ಬಿಡುವುದಿಲ್ಲ. ವಾರಕ್ಕೆ 40 ನಿಮಿಷ. ಗಣಿತದಿಂದಾಗಲೀ ವಿಜ್ಞಾನದಿಂದಾಗಲೀ ಕಿತ್ತು ಕೊಟ್ಟ ಹೊತ್ತಲ್ಲ ಅದು. ವೇಳಾಪಟ್ಟಿಯಲ್ಲಿ ಮೊದಲಿನಿಂದಲೂ ಲೈಬ್ರರಿ ಪೀರಿಯಡ್ ಅಂತಲೇ ಇತ್ತು, ನಾವು ಬಳಸುತ್ತಿರಲಿಲ್ಲ ಅಷ್ಟೇ. ಬೆಳಗಿನ ವಿಶೇಷ ತರಗತಿ ಹಾಗೇ ನಡೆಯುತ್ತಿದೆ, ಸಂಜೆಯದ್ದೂ ನಡೆಯುತ್ತಿದೆ.

ಕತೆ ಓದಿದರೆ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ನಾನು ಭರವಸೆ ಕೊಡುವುದಿಲ್ಲ. ಆದರೆ ಪೇಪರ್ ತಿದ್ದುವಾಗ ಕಂಡದ್ದು ಹೇಳುತ್ತೇನೆ. ಎಷ್ಟೋ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ, ಪ್ರಶ್ನೆಯನ್ನು ಕೊನೆಯವರೆಗೆ ಓದುವ ತಾಳ್ಮೆ ಇರುವುದಿಲ್ಲ. ಮೂರು ಸಾಲಿನ ಪ್ರಶ್ನೆಯಲ್ಲಿ ಒಂದೂವರೆ ಸಾಲು ಓದಿ ಬರೆಯಲು ಶುರುಮಾಡುತ್ತಾರೆ. ಓದುವುದು ಅಭ್ಯಾಸ ಆಗಬೇಕು. ಬೇಡದ್ದನ್ನು ಎಷ್ಟು ಸಲ ಓದಿಸಿದರೂ ಅದು ಆಗುವುದಿಲ್ಲ. ಬೇಕು ಅನ್ನಿಸಿದ್ದನ್ನು ಓದಿದಾಗ ತಾನಾಗಿ ಆಗುತ್ತದೆ.

"ಹಾಗಿದ್ರೆ ಯಾವುದು ಓದಬೇಕು ಅಂತ ಟೀಚರ್ ಒಂದು ಪಟ್ಟಿ ಕೊಟ್ರೆ ಸಾಕಲ್ವಾ?" ಅಂತ ಒಬ್ಬರು ಕೇಳಿದಿರಿ. ಒಳ್ಳೆಯ ಪ್ರಶ್ನೆ. ನಾನು ಎರಡು ವರ್ಷ ಮಾಡಿದ್ದು ಅದನ್ನೇ. ನನ್ನ ಕೈಬರಹದಲ್ಲಿ 30 ಪುಸ್ತಕಗಳ ಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಅದರಲ್ಲಿ ಮೊದಲನೆಯದು. ತೇಜಸ್ವಿ ಅಂದರೆ ನಮ್ಮ ಮೂಡಿಗೆರೆಯವರು, ಇಲ್ಲೇ ಕಾಫಿ ಬೆಳೆದುಕೊಂಡು ಬರೆದವರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ, ನಿಮ್ಮಲ್ಲಿ ಹಲವರು ದಿನಾ ಅದರ ಮುಂದೆಯೇ ಓಡಾಡುತ್ತೀರಿ. ಮಕ್ಕಳು ಮುಗಿಬಿದ್ದು ಓದುತ್ತಾರೆ ಅಂದುಕೊಂಡಿದ್ದೆ. ಎರಡು ವರ್ಷದಲ್ಲಿ ಆ ಪುಸ್ತಕ ಬೀರುವಿನಿಂದ ಹೊರಗೆ ಬರಲೇ ಇಲ್ಲ.

ಈ ವರ್ಷ ಆಗಸ್ಟಿನಲ್ಲಿ ಒಂದು ಶನಿವಾರ ನಡೆದದ್ದು ಕೇಳಿ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಹಿಂದಿನ ಬೆಂಚು. ಹಾಜರಿ ಕಡಿಮೆ. ಅಪ್ಪನ ಜೊತೆ ಜೇನಿಗೆ, ಏಡಿ ಹಿಡಿಯೋಕೆ ಅಂತ ಹೋಗಿಬಿಡುತ್ತಾನೆ. ಅವತ್ತು ಅವನ ಗೆಳೆಯ 'ಕರ್ವಾಲೊ' ಬಗ್ಗೆ ಹೇಳುತ್ತಾ, ನಡುವೆ ನಿಲ್ಲಿಸಿ ಹಿಂದಿನ ಸಾಲಿಗೆ ಕೂಗಿದ: "ಲೇ, ಇದ್ರಲ್ಲಿ ಮಂದಣ್ಣ ಅಂತ ಒಬ್ಬ ಇದಾನೆ ಕಣೋ. ಜೇನು ಹಿಡಿಯೋದ್ರಲ್ಲಿ ಎತ್ತಿದ ಕೈ. ದೊಡ್ಡ ಸೈಂಟಿಸ್ಟೇ ಅವನ ಹಿಂದೆ ಬರ್ತಾರೆ!" ಹುಡುಗ ಏನೂ ಅನ್ನಲಿಲ್ಲ. ಬೆಲ್ ಆದ ಮೇಲೆ ಎಲ್ಲರೂ ಹೋಗಲಿ ಅಂತ ಕಾದ. ಆಮೇಲೆ ಮೇಜಿನ ಹತ್ತಿರ ಬಂದ. ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ.

ಮೂರು ವಾರ ಹಿಡಿಯಿತು ಅವನಿಗೆ. ನಾಲ್ಕನೇ ಶನಿವಾರ ತಾನೇ ಎದ್ದು ನಿಂತ. ಈ ಶಾಲೆಗೆ ಸೇರಿದಾಗಿನಿಂದ ಅವನು ಎಲ್ಲರ ಮುಂದೆ ನಿಂತು ಮಾತಾಡಿದ್ದು ನಾನು ನೋಡಿಲ್ಲ. "ಈ ಪುಸ್ತಕದಲ್ಲಿ ಹಾರೋ ಓತಿ ಹುಡುಕಿಕೊಂಡು ಕಾಡಿಗೆ ಹೋಗ್ತಾರೆ. ನಾನು ಹಾರೋ ಓತಿ ನೋಡಿದೀನಿ. ನಮ್ಮ ಅಡಿಕೆ ತೋಟದಲ್ಲೇ ಇದೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವಾಗ ಪಕ್ಕೆ ಅಗಲ ಆಗ್ತದೆ, ಗಂಟಲ ಹತ್ತಿರ ಹಳದಿ ಚರ್ಮ ಬಿಚ್ಚಿ ಮುಚ್ಚಿ ಮಾಡ್ತದೆ" ಅಂತ ಕೈ ಅಗಲಿಸಿ ತೋರಿಸಿದ. ವಿಜ್ಞಾನದ ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು. ಮುಂದಿನ ವಾರ ಆ ಪುಸ್ತಕಕ್ಕೆ ಏಳು ಜನ ಹೆಸರು ಬರೆಸಿದರು.

ಪುಸ್ತಕ ಅದೇ, ಬೀರು ಅದೇ. ನಾನು ಹೇಳಿದಾಗ ಅದು ಮೇಡಂ ಹೇಳಿದ ಪುಸ್ತಕ. ಗೆಳೆಯ ಹೇಳಿದಾಗ ಅದು ಅವನ ಪುಸ್ತಕ ಆಯಿತು. ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು ಅದರಲ್ಲಿ ಎರಡು. ಬಿ.ಎಡ್. ಓದುವಾಗ ಸುಮ್ನೆ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ನನಗೆ ಆದದ್ದು ಆ ಹುಡುಗ ಕೈ ಒರೆಸಿಕೊಂಡಾಗ.

ನಮ್ಮಲ್ಲಿ ಪುಸ್ತಕ ಮೊದಲಿನಿಂದಲೂ ಹೀಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹೋಗಿಯೇ ಬೆಳೆದದ್ದು. ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ಸುತ್ತಿ ಜನರ ಕೈಗೆ ಮುಟ್ಟಿಸಿದರು. ನನಗೆ ಓದು ಹತ್ತಿಸಿದ್ದು ನನ್ನ ಸೋದರತ್ತೆ. ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ತ್ರಿವೇಣಿಯವರ ಕಾದಂಬರಿಯ ಕತೆ ಹೇಳುತ್ತಿದ್ದರು. ಸರಿಯಾಗಿ ಅರ್ಧಕ್ಕೆ ಬಂದಾಗ ಮೊರ ಎತ್ತಿಕೊಂಡು ಎದ್ದುಬಿಡುತ್ತಿದ್ದರು. "ಉಳಿದದ್ದು ಬೇಕಾದ್ರೆ ನೀನೇ ಓದ್ಕೋ." ನಿಮ್ಮಲ್ಲೂ ಚಂದಮಾಮಕ್ಕೆ ಅಣ್ಣ ತಂಗಿ ಜೊತೆ ಕಿತ್ತಾಡಿದವರು ಇದ್ದೀರಿ, ಬಾಲಮಂಗಳ ಬರುವ ದಿನ ಅಂಗಡಿ ಮುಂದೆ ಕಾದವರು ಇದ್ದೀರಿ. ನೆನಪಿದೆ ಅಲ್ವಾ?

ಏನು ಓದುತ್ತಾರೆ ಅನ್ನುವ ಚಿಂತೆಯೂ ನಿಮಗಿದೆ. ನೋಟ್‌ಬುಕ್ ಆಫೀಸಿನಲ್ಲೇ ಇದೆ, ಯಾವಾಗ ಬೇಕಾದರೂ ಬಂದು ನೋಡಿ. ಎಂಟನೇ ಕ್ಲಾಸಿನವರು ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'ಯ 12 ಸಂಪುಟಗಳನ್ನು ಸರದಿ ಮೇಲೆ ಓದುತ್ತಿದ್ದಾರೆ. ಬೊಳುವಾರು ಅವರು ಮಕ್ಕಳಿಗೆ ಬರೆದ ಗಾಂಧಿ ಕತೆಗೆ, ಕೆನೆತ್ ಆಂಡರ್ಸನ್ ಅವರ ಹುಲಿ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಮಾಲೆಗೆ ಯಾವಾಗಲೂ ಕ್ಯೂ ಇರುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತಲ್ಲ, ಪಕ್ಕದ ಹಾಸನ ಜಿಲ್ಲೆಯವರು ಅಂತ ಗೊತ್ತಾದ ಮೇಲೆ ಮಕ್ಕಳಿಗೆ ಅವರ ಬಗ್ಗೆ ಬಹಳ ಹೆಮ್ಮೆ. ಪುಸ್ತಕದ ಹೆಸರಿನ ಪಕ್ಕ ಮಕ್ಕಳು ಬರೆದ ಸಣ್ಣ ಮಾತುಗಳನ್ನೂ ಓದಿ. "ಮೊದಲ 20 ಪುಟ ಬೋರು, ಬಿಡಬೇಡ, ಆಮೇಲೆ ಚೆನ್ನಾಗಿದೆ" ಅಂತ ಒಂದು ಮಗು ಬರೆದಿದೆ. ಅಷ್ಟು ಸತ್ಯವಾಗಿ ಪುಸ್ತಕ ಹೇಳುವುದು ನಮಗೆ ದೊಡ್ಡವರಿಗೆ ಬರುವುದಿಲ್ಲ.

ಒಂದು ಪುಸ್ತಕಕ್ಕೆ ಮಾತ್ರ ನೇರವಾದ ಆಕ್ಷೇಪ ಬಂದಿದೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತ್ರಿವೇಣಿಯವರ 'ಶರಪಂಜರ'ದ ಬಗ್ಗೆ ಹೇಳಿದಳು. ಹುಚ್ಚು, ಬಾಣಂತನ, ಗಂಡ ಹೆಂಡತಿ ವಿಷಯ ಈ ವಯಸ್ಸಿಗೆ ಯಾಕೆ ಅಂತ ಒಬ್ಬ ತಾಯಿ ಕೇಳಿದರು. ಅಮ್ಮಾ, ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಆ ಹುಡುಗಿ ಏನು ಹೇಳಿದಳು ಅಂತ ನೀವು ಕೇಳಬೇಕಿತ್ತು. "ಹೆರಿಗೆ ಆದ್ಮೇಲೆ ಮನಸ್ಸು ಸರಿಯಿಲ್ಲದೆ ಹೋಗೋದು ಒಂದು ಕಾಯಿಲೆ. ವಾಸಿಯಾಗ್ತದೆ. ವಾಸಿಯಾಗಿ ಮನೆಗೆ ಬಂದ್ಮೇಲೂ ಜನ ಕಾವೇರೀನ ಹುಚ್ಚಿ ಥರಾನೇ ನೋಡ್ತಾರೆ. ಅದಕ್ಕೇ ನನಗೆ ಅಳು ಬಂತು" ಅಂದಳು. ಹಾಲ್ ಪೂರ್ತಿ ಸುಮ್ಮನಾಯಿತು. 15 ವರ್ಷದ ಮಗುವಿಗೆ ಅಷ್ಟು ಕರುಣೆ ಬಂದಿದೆ ಅಂದರೆ ಆ ಪುಸ್ತಕವನ್ನು ನಾನು ಹೇಗೆ ವಾಪಸ್ ಇಸಕೊಳ್ಳಲಿ? ಹಾಗಂತ ಎಲ್ಲ ಪುಸ್ತಕ ಎಲ್ಲರಿಗೂ ಅಲ್ಲ. ಮನೆಯಿಂದ ತಂದ ಪುಸ್ತಕವನ್ನು ಕನ್ನಡ ಟೀಚರ್ ಅಥವಾ ನಾನು ನೋಡಿದ ಮೇಲೆಯೇ ಇನ್ನೊಬ್ಬರ ಕೈಗೆ ಹೋಗುವುದು. ಎರಡು ಪುಸ್ತಕಗಳಿಗೆ ಇನ್ನೊಂದಿಷ್ಟು ವರ್ಷ ಕಾಯಿರಿ ಅಂತ ಹೇಳಿದ್ದೇವೆ. ಮಕ್ಕಳು ಒಪ್ಪಿದ್ದಾರೆ.

ನಮ್ಮ ಎರಡು ಬೀರುವಿನ ಪುಸ್ತಕ ಸಾಲದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಹಳೆಯ ಪಂಚಾಯಿತಿ ಲೈಬ್ರರಿಯಲ್ಲಿ, 'ಓದುವ ಬೆಳಕು' ಕಾರ್ಯಕ್ರಮದ ಕೆಳಗೆ ಶಾಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮಗುವಿನ ಹೆಸರು ಇನ್ನೂ ಸೇರಿಸಿಲ್ಲವಾದರೆ ಸಂತೆಗೆ ಬಂದಾಗ ಸೇರಿಸಿ.

ಮತ್ತೆ ಹತ್ತನೇ ಕ್ಲಾಸಿಗೇ ಬರುತ್ತೇನೆ, ಯಾಕೆಂದರೆ ನಿಮ್ಮ ಮನಸ್ಸು ಅಲ್ಲೇ ಇದೆ ಅಂತ ನನಗೆ ಗೊತ್ತು. ಎಸ್‌ಡಿಎಂಸಿ ಸಭೆಯಲ್ಲೂ ಮಾತಾಡಿದ್ದೇವೆ. ಪೂರ್ವಸಿದ್ಧತಾ ಪರೀಕ್ಷೆ ಶುರುವಾಗುವ ತಿಂಗಳಿಂದ ಹತ್ತನೇ ಕ್ಲಾಸಿನವರಿಗೆ ವಾರಕ್ಕೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ ಮಾಡುತ್ತೇವೆ. ಆ ಹೊತ್ತಿನಲ್ಲಿ ಪಾಠವೇ ಓದಬೇಕು ಅನ್ನುವ ಮಗು ಪಕ್ಕದ ಕೋಣೆಯಲ್ಲಿ ಕೂತು ಓದಬಹುದು. ಇಷ್ಟು ನಾನು ಬಗ್ಗಬಲ್ಲೆ. ಪೂರ್ತಿ ನಿಲ್ಲಿಸಲು ಮಾತ್ರ ನನ್ನನ್ನು ಕೇಳಬೇಡಿ. ಈ ಮಕ್ಕಳಲ್ಲಿ ಕೆಲವರು ಮುಂದಿನ ವರ್ಷ ಪಿಯುಸಿಗೆ ಚಿಕ್ಕಮಗಳೂರಿಗೆ, ಹಾಸನಕ್ಕೆ ಹೋಗಿ ಹಾಸ್ಟೆಲ್ ಸೇರುತ್ತಾರೆ. ಅಲ್ಲಿ ಗುರುತಿನವರು ಇರುವುದಿಲ್ಲ. "ನೀನು ಯಾರ ಪುಸ್ತಕ ಓದಿದೀಯ?" ಅಂತ ಪಕ್ಕದ ಮಂಚದವರನ್ನು ಕೇಳಲು ಬಂದರೆ ಒಬ್ಬ ಸ್ನೇಹಿತೆ ಸಿಕ್ಕ ಹಾಗೆ. ಆ ಮಾತು ಕಲಿಯಲು ಅವರಿಗೆ ಇಲ್ಲಿ ಉಳಿದಿರುವುದು ಇನ್ನು ಕೆಲವೇ ಶನಿವಾರ.

ನಿಮ್ಮಲ್ಲಿ ಕೇಳುವುದು ಒಂದೇ: ಮಗು ಮನೆಗೆ ತಂದ ಪುಸ್ತಕವನ್ನು ದಯವಿಟ್ಟು ಕಿತ್ತಿಡಬೇಡಿ, ಇದನ್ನು ನಿನಗೆ ಯಾರು ಹೇಳಿದ್ದು ಅಂತ ಕೇಳಿ.

ಬುಧವಾರ ನೀವು ತಂದಿಟ್ಟ 'ಜುಗಾರಿ ಕ್ರಾಸ್' ನನ್ನ ಮೇಜಿನ ಮೇಲೇ ಇದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ನಡೆದು ಮುಗಿಯುವ ಕತೆ ಅದು. ಶುರುಮಾಡಿದವರಿಗೆ ಕೆಳಗಿಡುವುದು ಕಷ್ಟ, ಮಗುವನ್ನು ಅಷ್ಟರಮಟ್ಟಿಗೆ ಕ್ಷಮಿಸಿ. ನಡುವೆ ಗುರುತಿಗೆ ಬಸ್ಸಿನ ಜೀರೋ ಟಿಕೆಟ್ ಮಡಚಿ ಇಟ್ಟಿದ್ದಾಳೆ. ನಾನು ಅದನ್ನು ತೆಗೆದಿಲ್ಲ. ಟೆಸ್ಟ್ ಮುಗಿದ ಶನಿವಾರ ಬಂದು ಒಯ್ಯಲಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ