ಪೊಕಹೊಂಟಸ್ ಕಥೆಯಲ್ಲಿ ಬಿಟ್ಟುಹೋದದ್ದು

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುಟದಲ್ಲಿ ಬಂದ, ಅಮೆರಿಕದ ಮೂಲನಿವಾಸಿ ಹುಡುಗಿ ಪೊಕಹೊಂಟಸ್ ಕಥೆಯಲ್ಲಿ ಮದುವೆ ಸಂಭ್ರಮವೇ ಮುಕ್ಕಾಲು. 1613ರಲ್ಲಿ ಇಂಗ್ಲಿಷರು ಆಕೆಯನ್ನು ಹಡಗಿಗೆ ಹತ್ತಿಸಿ ಸೆರೆಹಿಡಿದದ್ದರ ಬಗ್ಗೆ ಒಂದು ಸಾಲೂ ಇಲ್ಲ. ಪುಸಲಾಯಿಸಿ ಕರೆತಂದವರಿಗೆ ಸಿಕ್ಕ ಇನಾಮು ಒಂದು ತಾಮ್ರದ ಪಾತ್ರೆ!

"ಅವರಪ್ಪ ಬಿಡಿಸಿಕೊಂಡು ಬರ್ಲಿಲ್ಲೇನಜ್ಜ?" ಎಂದಳು ಮೊಮ್ಮಗಳು. ಅಪ್ಪ ಪೊವ್ಹಾಟನ್ ಸುಮಾರು 30 ಬುಡಕಟ್ಟುಗಳ ಒಡೆಯ. ಅವನು ಇಂಗ್ಲಿಷ್ ಸೆರೆಯಾಳುಗಳನ್ನು, ಅವರ ಕೆಲವು ಬಂದೂಕುಗಳನ್ನು ಹಿಂದಿರುಗಿಸಿದರೂ ಇಂಗ್ಲಿಷರು ಮಗಳನ್ನು ಬಿಡಲಿಲ್ಲ.

1607ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದ ಇಂಗ್ಲಿಷರ ಹೊಟ್ಟೆ ತುಂಬಿಸಿದ್ದು ಅವನ ಜನ ತಾಮ್ರ, ಮಣಿಗೆ ಕೊಟ್ಟ ಮೆಕ್ಕೆಜೋಳ. ಆಗ ಅಲ್ಲಿ ಭೀಕರ ಬರ. ನಾವೂ ಮೆಕ್ಕೆಜೋಳ ಬೆಳೆವವರು. ಮಳೆ ಕೈಕೊಟ್ಟ ವರ್ಷ ಮನೆಗಿಟ್ಟ ಕಾಳು ಯಾರು ಮಾರುತ್ತಾರೆ? ಅವನ ಜನ ಕೊಡದಿದ್ದಾಗ ಇಂಗ್ಲಿಷರು ಬಂದೂಕು ತೋರಿಸಿ ಹೊತ್ತೊಯ್ದರು.

ಮುಂದಿನ ವಾರ ಇದನ್ನೂ ಬರೆಸಿ.

– ಒಬ್ಬ ರೈತ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ